ಮಣ್ಣಿನ ಮನೆಗೆ ನೀರೇ ಮಿತ್ರ, ನೀರೇ ಶತ್ರು

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಗಾರೆ ಕೆಲಸಗಾರರಿಗಾಗಿ ಏರ್ಪಡಿಸಿದ್ದ ಕಡಿಮೆ ಖರ್ಚಿನ ಮನೆ ನಿರ್ಮಾಣ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬೆಳಿಗ್ಗೆಯಿಂದ ನೀವು ಅಂಗಳದಲ್ಲಿ ಮಣ್ಣು ಜರಡಿ ಹಿಡಿದಿರಿ, ಸಿಮೆಂಟ್ ಬೆರೆಸಿದಿರಿ, ಯಂತ್ರ ಒತ್ತಿ ಬ್ಲಾಕ್ ತೆಗೆದಿರಿ. ಕೈ ಸೋತಿದೆ, ಗೊತ್ತು. ಈಗ ಸ್ವಲ್ಪ ಹೊತ್ತು ನೆರಳಲ್ಲಿ ಕೂತು ಒಂದೇ ಒಂದು ವಿಷಯ ಮಾತಾಡೋಣ. ಅದು ನೀರು. ಮಣ್ಣಿನ ಬಗ್ಗೆ, ಸಿಮೆಂಟಿನ ಬಗ್ಗೆ, ಯಂತ್ರದ ಬೆಲೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನೀರಿನ ಬಗ್ಗೆ ಯಾರೂ ಕೇಳೋದಿಲ್ಲ. ಆದರೆ ಮಣ್ಣಿನ ಬ್ಲಾಕಿನ ಮನೆ ಉಳಿಯುತ್ತದೋ ಉರುಳುತ್ತದೋ ಅನ್ನುವುದನ್ನು ತೀರ್ಮಾನ ಮಾಡುವುದು ಈ ನೀರೇ.

ನಾವು ಇಂಜಿನಿಯರುಗಳಲ್ಲ, ಸಮಾಜಕಾರ್ಯ ಓದಿದವರು. ಇಂಜಿನಿಯರುಗಳು ಪ್ರಯೋಗಶಾಲೆಯಲ್ಲಿ ಕಂಡುಕೊಂಡದ್ದನ್ನು ನಿಮ್ಮ ಅಂಗಳಕ್ಕೆ, ನಿಮ್ಮ ಸಂಘದ ಲೆಕ್ಕದ ಪುಸ್ತಕಕ್ಕೆ ಮುಟ್ಟಿಸುವುದು ನಮ್ಮ ಕೆಲಸ. ಹಾಗಾಗಿ ದೊಡ್ಡ ದೊಡ್ಡ ಮಾತು ಬೇಡ. ಕೈಗೆ ಸಿಗುವ ಮಾತು ಆಡೋಣ.

ಬೇಸಿಗೆಯಲ್ಲಿ ನಿಂತ ಗೋಡೆ, ಮಳೆಯಲ್ಲಿ ಕುಸಿದ ಗೋಡೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರ ನೆನಪಿಸಿಕೊಳ್ಳಿ. ಬಾಗಲಕೋಟೆ, ವಿಜಯಪುರ, ರಾಯಚೂರು, ಗದಗ, ಕೊಪ್ಪಳದ ಕಡೆ ಬಿದ್ದ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತುಂಬಿ ಹರಿದಾಗ ಮತ್ತೆ ಅದೇ ಕಥೆ. ಬಿದ್ದ ಮನೆಗಳಲ್ಲಿ ಹೊಸದೂ ಇದ್ದವು, ಅಜ್ಜನ ಕಾಲದವೂ ಇದ್ದವು. ಅಜ್ಜನ ಕಾಲದಿಂದ ಮಾಳಿಗೆಯ ಭಾರ ಹೊತ್ತು ನಿಂತ ಗೋಡೆ ಒಂದು ವಾರದಲ್ಲಿ ಯಾಕೆ ಸೋತಿತು? ಅದರ ಮೇಲೆ ಯಾರಾದರೂ ಇನ್ನೊಂದು ಅಂತಸ್ತು ಕಟ್ಟಿದರಾ? ಇಲ್ಲ. ಮಾಳಿಗೆಯ ಮಣ್ಣು ನೀರು ಕುಡಿದು ಸ್ವಲ್ಪ ಭಾರವಾಯಿತು, ನಿಜ. ಅದಕ್ಕಿಂತ ದೊಡ್ಡ ಕಾರಣ ಅಂದ್ರೆ ಹೊರುವ ಗೋಡೆಯ ಬಲವೇ ಇಳಿದು ಹೋಯಿತು.

ಗಾರೆ ಅಣ್ಣಂದಿರೇ, ಒಂದು ಚಿಕ್ಕ ಲೆಕ್ಕ ಹಾಕೋಣ. ಹತ್ತು ಅಡಿ ಎತ್ತರದ, 19 ಸೆಂಟಿಮೀಟರ್ ದಪ್ಪದ ಗೋಡೆ, ಮೇಲೆ ಒಂದೇ ಆರ್‌ಸಿಸಿ ಚಾವಣಿ. ಗೋಡೆಯ ಸ್ವಂತ ತೂಕ, ಚಾವಣಿಯ ತೂಕ, ಅದರ ಮೇಲೆ ಓಡಾಡುವವರ ತೂಕ ಎಲ್ಲ ಸೇರಿಸಿದರೂ ಸಣ್ಣ ಮನೆಯಲ್ಲಿ ಗೋಡೆಯ ಕೆಳಗಿನ ವರಸೆಗೆ ಬೀಳುವ ಭಾರ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಚೆನ್ನಾಗಿ ಒಣಗಿದ ಬರೀ ಮಣ್ಣಿನ ಇಟ್ಟಿಗೆ ಕೂಡ ಅದರ ಎಷ್ಟೋ ಪಟ್ಟು ಹೊರುತ್ತದೆ. ಹಾಗಾದರೆ ಮಣ್ಣಿನ ಗೋಡೆ ಭಾರಕ್ಕೆ ಬೀಳುವುದಿಲ್ಲ, ತೇವಕ್ಕೆ ಬೀಳುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಇವತ್ತಿನ ಉಳಿದ ಮಾತೆಲ್ಲ ತಾನಾಗಿ ಅರ್ಥವಾಗುತ್ತದೆ.

ಆದ್ದರಿಂದ ಬ್ಲಾಕ್ ಎಷ್ಟು ಗಟ್ಟಿ ಅಂತ ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಒಣಗಿದಾಗಲೋ, ನೆನೆದಾಗಲೋ?"

ನೀರು ತಗುಲಿದರೆ ಮಣ್ಣಿಗೆ ಏನಾಗುತ್ತದೆ?

ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟರೆ ಹಪ್ಪಳ ಏನಾಗುತ್ತದೆ, ನಿಮಗೆಲ್ಲ ಗೊತ್ತು. ಬಿಸಿಲಲ್ಲಿ ಒಣಗಿದ್ದಾಗ ಪಟ್ ಅಂತ ಮುರಿಯುವ ಹಪ್ಪಳ ಥಂಡಿ ಹಿಡಿದ ಕೂಡಲೇ ಬಳುಕುತ್ತದೆ. ಮಣ್ಣಿನದೂ ಹೆಚ್ಚು ಕಡಿಮೆ ಅದೇ ಗುಣ.

ಮಣ್ಣಿನಲ್ಲಿ ಮರಳು ಇರುತ್ತದೆ, ನುಣ್ಣನೆಯ ಧೂಳು ಇರುತ್ತದೆ, ಜೇಡಿ ಇರುತ್ತದೆ. ಮರಳಿನ ಕಣಗಳಿಗೆ ತಾವಾಗಿ ಅಂಟುವ ಗುಣ ಇಲ್ಲ. ಅವನ್ನು ಹಿಡಿದಿಡುವುದು ಜೇಡಿ. ಒಣಗಿದಾಗ ಜೇಡಿಯ ಸಣ್ಣ ಸಣ್ಣ ಕಣಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಳ್ಳುತ್ತವೆ. ನೀರು ಒಳಗೆ ಬಂತೋ, ಕಣಗಳ ನಡುವೆ ನೀರಿನ ಪದರ ಸೇರಿಕೊಂಡು ಆ ಎಳೆತ ಸಡಿಲವಾಗುತ್ತದೆ. ಬರೀ ಮಣ್ಣಿನ ಇಟ್ಟಿಗೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಅಂಚು ಉದುರುತ್ತದೆ, ಆಮೇಲೆ ಪೂರ್ತಿ ಕರಗಿ ತಳಕ್ಕೆ ಕೂರುತ್ತದೆ.

ಇದಕ್ಕೆ ಪರಿಹಾರವಾಗಿಯೇ ನಾವು ಸಿಮೆಂಟ್ ಅಥವಾ ಸುಣ್ಣ ಬೆರೆಸುವುದು. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಮರಳಿನ ಕಣಗಳ ನಡುವೆ ಒಂದು ಜಾಲ ಹೆಣೆಯುತ್ತದೆ. ಆ ಜಾಲ ನೀರಿಗೆ ಕರಗುವುದಿಲ್ಲ. ಬ್ಲಾಕ್ ನೆನೆದಾಗ ಜೇಡಿ ಸಡಿಲವಾದರೂ ಜಾಲ ಹಿಡಿದುಕೊಂಡಿರುತ್ತದೆ. ಇದನ್ನೇ ಸ್ಥಿರೀಕರಿಸಿದ ಮಣ್ಣು ಅನ್ನುವುದು.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಸಿಮೆಂಟ್ ಹಾಕಿದ ಮಾತ್ರಕ್ಕೆ ಜೇಡಿ ಮಾಯವಾಗುವುದಿಲ್ಲ. ಒಣಗಿದ ಬ್ಲಾಕಿನ ಬಲದಲ್ಲಿ ಸಿಮೆಂಟಿನ ಪಾಲೂ ಇದೆ, ಜೇಡಿಯ ಪಾಲೂ ಇದೆ. ನೆನೆದಾಗ ಜೇಡಿಯ ಪಾಲು ಹೋಗುತ್ತದೆ. ಹೀಗಾಗಿ ಚೆನ್ನಾಗಿ ಮಾಡಿದ ಬ್ಲಾಕಿಗೂ ಪೂರ್ತಿ ನೆನೆದಾಗ ಉಳಿಯುವುದು ಒಣಗಿದ್ದಾಗಿನ ಬಲದ ಅರ್ಧದಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಮಣ್ಣಿಗೆ ಶೇ. 7ರಷ್ಟು ಸಿಮೆಂಟ್ ಹಾಕಿ, ಸರಿಯಾಗಿ ಒತ್ತಿ, ಸರಿಯಾಗಿ ನೀರುಣಿಸಿದರೆ ನೆನೆದ ಸ್ಥಿತಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 30ರಿಂದ 40 ಕಿಲೋ ಭಾರ ತಡೆಯುವ ಬ್ಲಾಕ್ ಸಿಗುತ್ತದೆ. ನಮ್ಮ ಸಣ್ಣ ಮನೆಗಳಿಗೆ ಅದು ಧಾರಾಳ. ಕೆಟ್ಟದಾಗಿ ಮಾಡಿದ ಬ್ಲಾಕ್ ಒಣಗಿದ್ದಾಗ ಇದರಷ್ಟೇ ಗಟ್ಟಿಯಾಗಿ ಕಾಣಬಹುದು. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದು ಮಳೆ ಬಂದಾಗ. ಅಷ್ಟು ಹೊತ್ತಿಗೆ ಮನೆಯೊಳಗೆ ಮಕ್ಕಳು ಮಲಗಿರುತ್ತಾರೆ.

ನಮ್ಮ ನಾಡಿನಲ್ಲೇ ಬೆಳೆದ ವಿದ್ಯೆ

ಕೈಯಿಂದ ಒತ್ತುವ ಈ ಬಗೆಯ ಯಂತ್ರ ಮೊದಲು ಹೆಸರು ಮಾಡಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ, 1950ರ ದಶಕದಲ್ಲಿ. ಅದನ್ನು ಸಿನ್ವಾ-ರಾಮ್ ಯಂತ್ರ ಅನ್ನುತ್ತಾರೆ. ನಮ್ಮಲ್ಲಿ ಈ ವಿದ್ಯೆಯನ್ನು ಆಳವಾಗಿ ಅಧ್ಯಯನ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಶುರುವಾಯಿತು. ಅಸ್ತ್ರ ಒಲೆ ಅಂದರೆ ಇಲ್ಲಿರುವ ಹಿರಿಯ ತಾಯಂದಿರಿಗೆ ನೆನಪಾದೀತು, ಅದೇ ಅಸ್ತ್ರ. ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ನಮ್ಮ ಕೆಂಪು ಮಣ್ಣಿನ ಮೇಲೆ ವರ್ಷಾನುಗಟ್ಟಲೆ ಪ್ರಯೋಗ ಮಾಡಿದರು. ಬೆಂಗಳೂರಿನಲ್ಲಿ ಈ ಬ್ಲಾಕಿನಿಂದ ಕಟ್ಟಿದ ಎರಡು ಅಂತಸ್ತಿನ ಮನೆಗಳೂ ಇವೆ, ಅಲ್ಲಿ ಅನುಕೂಲಸ್ಥರೇ ವಾಸವಾಗಿದ್ದಾರೆ. ಹಾಗಾಗಿ ಇದು ಬಡವರಿಗೆ ಅಂತ ಕೊಡುವ ಎರಡನೇ ದರ್ಜೆ ಸಾಮಾನು ಅಂತ ಯಾರೂ ಭಾವಿಸಬೇಡಿ.

ಭಾರತೀಯ ಮಾನಕ ಸಂಸ್ಥೆಯೂ ಈ ಬ್ಲಾಕಿಗೆ ಐ.ಎಸ್. 1725 ಎಂಬ ನಿಯಮಾವಳಿ ಮಾಡಿದೆ. 1982ರಲ್ಲಿ ಮತ್ತು 2013ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಗಮನಿಸಬೇಕಾದ ಸಂಗತಿ ಏನೆಂದರೆ, ಅದರ ಪ್ರಕಾರ ಬ್ಲಾಕಿನ ಬಲ ಅಳೆಯುವುದು ನೀರಿನಲ್ಲಿ ನೆನೆಸಿದ ಮೇಲೆ. ಒಣ ಬ್ಲಾಕನ್ನು ಕೈಯಲ್ಲಿ ಹಿಡಿದು "ಟಣ್ ಅನ್ನುತ್ತೆ ನೋಡಿ" ಅಂತ ಹೇಳುವುದು ಪರೀಕ್ಷೆಯಲ್ಲ.

ಎಲ್ಲ ಮಣ್ಣೂ ಒಂದೇ ಅಲ್ಲ

ನೀರಿನ ಜೊತೆ ಮಣ್ಣು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಅದರಲ್ಲಿರುವ ಜೇಡಿಯ ಮೇಲೆ ನಿಂತಿದೆ. ಕೆಂಪು ಮಣ್ಣಿನ ಜೇಡಿ ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ. ಎರೆಮಣ್ಣಿನ ಜೇಡಿ ಹಾಗಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಅಂಥ ಮಣ್ಣಿಗೆ ಸಿಮೆಂಟ್ ಸುರಿದರೆ ದುಡ್ಡು ದಂಡ. ಅದು ಉಬ್ಬಿದಾಗ ಸಿಮೆಂಟಿನ ಜಾಲವೇ ಹರಿಯುತ್ತದೆ. ಎರೆ ಸೀಮೆಯವರು ಆದಷ್ಟು ಮಟ್ಟಿಗೆ ಬೇರೆ ಮಣ್ಣು ಹುಡುಕಬೇಕು. ಇಲ್ಲದಿದ್ದರೆ ಮರಳು ಬೆರೆಸಿ, ಸುಣ್ಣವನ್ನೂ ಉಪಯೋಗಿಸಿ, ಪರೀಕ್ಷೆ ಮಾಡಿಸಿಯೇ ಮುಂದೆ ಹೋಗಬೇಕು. ಸುಣ್ಣ ನಿಧಾನಕ್ಕೆ ಗಟ್ಟಿಯಾಗುತ್ತದೆ, ಅದಕ್ಕೆ ಇನ್ನೂ ಹೆಚ್ಚು ದಿನದ ತಾಳ್ಮೆ ಬೇಕು.

ಕೆಂಪು ಮಣ್ಣಾದರೂ ಮರಳಿನ ಅಂಶ ನೂರಕ್ಕೆ 65ಕ್ಕಿಂತ ಹೆಚ್ಚು ಇರಲಿ, ಜೇಡಿ ಶೇ. 15 ದಾಟದಿರಲಿ. ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತದೆ. ಅದು ಹೊಲಕ್ಕೆ ಚಿನ್ನ, ಗೋಡೆಗೆ ಬೇಡ. ಅದನ್ನು ತೆಗೆದು ಪಕ್ಕಕ್ಕೆ ಹಾಕಿ ಕೆಳಗಿನ ಮಣ್ಣು ಉಪಯೋಗಿಸಿ.

ಮಣ್ಣು ನೋಡಲು ಒಂದು ಗಾಜಿನ ಬಾಟಲಿ ಸಾಕು. ಮೂರರಲ್ಲಿ ಒಂದು ಭಾಗ ಮಣ್ಣು ತುಂಬಿ, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮೊದಲು ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ಧೂಳು, ಮಾರನೆಯ ದಿನದ ಹೊತ್ತಿಗೆ ಮೇಲೆ ಜೇಡಿ. ಪದರಗಳನ್ನು ಪಟ್ಟಿಯಿಂದ ಅಳೆಯಿರಿ. ಜೇಡಿಯ ಪದರ ನೀರಿನಲ್ಲಿ ಉಬ್ಬಿರುವುದರಿಂದ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಬರಬಹುದು. ಆದರೂ ಮರಳು ಬೆರೆಸಬೇಕೋ ಬೇಡವೋ ಅನ್ನುವ ಅಂದಾಜು ಸಿಗುತ್ತದೆ. ನದಿ ಮರಳು ದುಬಾರಿ ಆದಲ್ಲಿ ಎಂ-ಸ್ಯಾಂಡ್ ಅಥವಾ ಕಲ್ಲುಪುಡಿ ಬೆರೆಸಬಹುದು.

ಮೊದಲನೆಯ ನೀರು: ಕಲಸುವ ನೀರು

ಬ್ಲಾಕಿನ ಜೀವನದಲ್ಲಿ ನೀರು ಮೂರು ಸಲ ಬರುತ್ತದೆ. ಕಲಸುವಾಗ, ಹದ ಮಾಡುವಾಗ, ಗೋಡೆಯಾದ ಮೇಲೆ. ಮೊದಲ ಎರಡು ಸಲ ನೀರು ನಮ್ಮ ಮಿತ್ರ, ಮೂರನೆಯ ಸಲ ಶತ್ರು.

ರಾಗಿ ಮುದ್ದೆಗೆ ಎಸರು ಎಷ್ಟಿಡಬೇಕು ಅಂತ ನಿಮಗೆ ಯಾರೂ ಪುಸ್ತಕ ನೋಡಿ ಹೇಳಿಕೊಟ್ಟಿಲ್ಲ. ಕಡಿಮೆಯಾದರೆ ಗಂಟು, ಹೆಚ್ಚಾದರೆ ಅಂಬಲಿ. ಬ್ಲಾಕಿಗೂ ಹಾಗೇ ಒಂದು ಹದ ಇದೆ. ನೀರು ಕಡಿಮೆಯಾದರೆ ಮಣ್ಣಿನ ಕಣಗಳು ಒಂದರ ಪಕ್ಕ ಒಂದು ಜಾರಿ ಕೂರುವುದಿಲ್ಲ. ಯಂತ್ರದ ಹಿಡಿಕೆ ಇಳಿಯುವುದಿಲ್ಲ, ಬ್ಲಾಕಿನ ಮೂಲೆ ಉದುರುತ್ತದೆ. ಹೆಚ್ಚಾದರೆ ಆ ನೀರೇ ಜಾಗ ಹಿಡಿದುಕೊಂಡು ಕೂರುತ್ತದೆ. ಒತ್ತಿ ತೆಗೆದ ಬ್ಲಾಕ್ ಹೊಟ್ಟೆ ಬಿಡುತ್ತದೆ, ಒಣಗಿದ ಮೇಲೆ ನೀರಿದ್ದ ಜಾಗವೆಲ್ಲ ತೂತು. ಮುಂದೆ ಮಳೆ ನೀರು ಒಳಗೆ ಹೋಗಲು ನಾವೇ ದಾರಿ ಮಾಡಿಕೊಟ್ಟ ಹಾಗೆ.

ಸಾಮಾನ್ಯವಾಗಿ ನಮ್ಮ ಕೆಂಪು ಮಣ್ಣಿಗೆ ತೂಕದ ಶೇ. 10ರಿಂದ 12ರಷ್ಟು ನೀರು ಬೇಕಾಗುತ್ತದೆ. ಅಂದ್ರೆ 80 ಕಿಲೋ ಒಣ ಮಣ್ಣು-ಸಿಮೆಂಟ್ ಮಿಶ್ರಣಕ್ಕೆ ಸುಮಾರು 9 ಲೀಟರ್. ಆದರೆ ಮಣ್ಣಿನಲ್ಲಿ ಮೊದಲೇ ಇರುವ ತೇವವನ್ನು ಇದರಲ್ಲಿ ಕಳೆಯಬೇಕು. ರಾತ್ರಿ ತುಂತುರು ಮಳೆ ಬಿದ್ದ ಮಣ್ಣಿಗೆ ನಿನ್ನೆಯ ಅಳತೆಯಲ್ಲೇ ನೀರು ಹಾಕಿದರೆ ಹದ ಕೆಟ್ಟಿತು. ಮಣ್ಣಿನ ರಾಶಿಗೆ ಟಾರ್ಪಾಲು ಮುಚ್ಚಿ ಅಂತ ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಹದ ನೋಡಲು ಕೈ ಸಾಕು. ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ ಉಂಡೆ ಮಾಡಿ. ಉಂಡೆಯೇ ಆಗದಿದ್ದರೆ ನೀರು ಸಾಲದು. ಅಂಗೈಗೆ ಮೆತ್ತಿಕೊಂಡರೆ ಹೆಚ್ಚಾಯಿತು. ಕೈಗೆ ಅಂಟದೆ ಉಂಡೆಯಾಗಿ, ಸೊಂಟದ ಎತ್ತರದಿಂದ ಬಿಟ್ಟಾಗ ನಾಲ್ಕಾರು ತುಂಡಾದರೆ ಹದ ಸರಿ.

ಇನ್ನು ತೂಕ. 23 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಒಂದು ಬ್ಲಾಕಿಗೆ ಸುಮಾರು 8.7 ಕಿಲೋ ಹಸಿ ಮಿಶ್ರಣ ಹಿಡಿಯಬೇಕು. ಒಣಗಿದ ಮೇಲೆ ಅದು 7.9 ಕಿಲೋ ಹತ್ತಿರ ತೂಗುತ್ತದೆ. ತಕ್ಕಡಿ ಇಲ್ಲದೆ ಬಾಂಡ್ಲಿಯಲ್ಲಿ ಅಂದಾಜಿಗೆ ಸುರಿದರೆ ಒಂದು ಬ್ಲಾಕ್ ಗಟ್ಟಿ, ಇನ್ನೊಂದು ಟೊಳ್ಳು. ಅಚ್ಚು ಒಂದೇ ಆದ್ದರಿಂದ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ನೀರಿಗೆ ಮಾತ್ರ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ಸಾಂದ್ರತೆ ಸ್ವಲ್ಪ ಇಳಿದರೂ ಬಲ ಬಹಳ ಇಳಿಯುತ್ತದೆ. ಸಂಘದ ಯಂತ್ರದ ಪಕ್ಕ ಒಂದು ತಕ್ಕಡಿ ಇರಲೇಬೇಕು.

ಸಿಮೆಂಟ್ ಬೆರೆಸಿ ನೀರು ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಆದ್ದರಿಂದ ಹತ್ತು ಹದಿನೈದು ಬ್ಲಾಕಿಗೆ ಆಗುವಷ್ಟೇ ಕಲಸಿ. ಬೆಳಿಗ್ಗೆ ಕಲಸಿಟ್ಟು ಊಟ ಆದ ಮೇಲೆ ಇನ್ನಷ್ಟು ನೀರು ಚಿಮುಕಿಸಿ ಒತ್ತುವುದು ಬೇಡವೇ ಬೇಡ. ಸಿಮೆಂಟ್ ಅಷ್ಟರಲ್ಲಿ ಗಟ್ಟಿಯಾಗಲು ಶುರುಮಾಡಿರುತ್ತದೆ.

ಸಿಮೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಶೇ. 7ರ ಪ್ರಕಾರ 50 ಕಿಲೋ ಚೀಲದಲ್ಲಿ ಈ ಅಳತೆಯ 95ರಿಂದ 100 ಬ್ಲಾಕ್ ಆಗುತ್ತವೆ. ಯಾರಾದರೂ "ಒಂದು ಚೀಲಕ್ಕೆ 130 ತೆಗೆದೆವು" ಅಂತ ಹೆಮ್ಮೆ ಪಟ್ಟರೆ ಸಿಮೆಂಟ್ ಶೇ. 5ರ ಹತ್ತಿರಕ್ಕೆ ಇಳಿದಿದೆ ಅಂತ ತಿಳಿಯಿರಿ. ಅಂಥ ಬ್ಲಾಕ್ ಬಿಸಿಲಲ್ಲಿ ಚೆನ್ನಾಗಿಯೇ ಇರುತ್ತದೆ. ನೆನೆದಾಗ ಉಳಿಯುವ ಬಲ ತೀರಾ ಕಡಿಮೆ.

ಎರಡನೆಯ ನೀರು: ಹದ ಮಾಡುವ ನೀರು

ಒತ್ತಿದ ಬ್ಲಾಕ್ ಒಣಗಬೇಕು ಅಂತ ಬಹಳ ಜನ ಬಿಸಿಲಿಗೆ ಇಡುತ್ತಾರೆ. ಸುಡುವ ಇಟ್ಟಿಗೆ ಮಾಡಿ ಅಭ್ಯಾಸ ಇದ್ದವರಿಗೆ ಇದು ಸಹಜ. ಆದರೆ ಸಿಮೆಂಟ್ ಬ್ಲಾಕ್ ಒಣಗಬಾರದು, ಮಾಗಬೇಕು. ಸಿಮೆಂಟ್ ಗಟ್ಟಿಯಾಗುವುದು ನೀರು ಆವಿಯಾಗಿ ಹೋಗುವುದರಿಂದ ಅಲ್ಲ, ನೀರಿನ ಜೊತೆ ಕೂಡಿ ರಾಸಾಯನಿಕವಾಗಿ ಬದಲಾಗುವುದರಿಂದ. ಮೂರು ದಿನಕ್ಕೆ ನೀರು ಮುಗಿದರೆ ಆ ಕೆಲಸವೂ ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು. ಕೊಟ್ಟ ಸಿಮೆಂಟಿನ ದುಡ್ಡಿನಲ್ಲಿ ಒಂದು ಪಾಲು ಹಾಗೇ ಮಣ್ಣುಪಾಲು.

ಮೊದಲ ಎರಡು ದಿನ ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಆಮೇಲೆ ಒಂದರ ಮೇಲೊಂದು ಒತ್ತೊತ್ತಾಗಿ ಜೋಡಿಸಿ, ಮೇಲೆ ಹುಲ್ಲು ಅಥವಾ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಬಿಂದಿಗೆಯಿಂದ ಧಾರೆಯಾಗಿ ಸುರಿಯಬೇಡಿ, ಹಸಿ ಬ್ಲಾಕಿನ ಅಂಚು ಕೊರೆಯುತ್ತದೆ. ಹೀಗೆ ಮೂರು ವಾರ, ಅಂದರೆ 21 ದಿನ. ಅಷ್ಟರವರೆಗೆ ಹೊದಿಕೆ ಎತ್ತಿದಾಗ ಬ್ಲಾಕ್ ಕೈಗೆ ತಣ್ಣಗೆ ಹತ್ತಬೇಕು. ಆಮೇಲೆ ಕೆಲವು ದಿನ ಒಣಗಲು ಬಿಟ್ಟು ಗೋಡೆಗೆ ತೆಗೆದುಕೊಳ್ಳಿ.

ಬಾಣಂತಿಗೆ ಮೂರನೇ ದಿನ ಹೊಲದ ಕೆಲಸ ಹೇಳುತ್ತೇವೆಯೇ? ಇಲ್ಲ ತಾನೇ. ಬ್ಲಾಕಿಗೂ ಅದರ ದಿನ ಕೊಡಬೇಕು.

ನೀರು ಹೊರುವವರು ಯಾರು?

ಇಲ್ಲಿಯವರೆಗೆ ಹೇಳಿದ್ದು ಮಣ್ಣಿನ ವಿಷಯ. ಈಗ ಮನುಷ್ಯರ ವಿಷಯ. ನಾವು ಊರೂರಿನ ಸಂಘಗಳಲ್ಲಿ ಓಡಾಡುವಾಗ ನೋಡುವುದು ಏನೆಂದರೆ, 21 ದಿನದ ನಿಯಮ ಎಲ್ಲರಿಗೂ ಬಾಯಿಪಾಠ. ಆದರೂ ಹತ್ತನೇ ದಿನಕ್ಕೆ ಬ್ಲಾಕ್ ಗೋಡೆ ಏರಿರುತ್ತದೆ. ತಿಳಿವಳಿಕೆ ಇಲ್ಲದೆ ಹೀಗೆ ಆಗುತ್ತಿಲ್ಲ. ಕಾರಣ ಎರಡು.

ಒಂದು, ಕಂತಿನ ಒತ್ತಡ. ವಸತಿ ಯೋಜನೆಯ ಹಣ ಹಂತ ಹಂತವಾಗಿ ಬರುತ್ತದೆ. ಪಾಯ ಆಯಿತು ಅಂತ ಫೋಟೊ ಹೋಗಬೇಕು, ಗೋಡೆ ಎದ್ದಿತು ಅಂತ ಫೋಟೊ ಹೋಗಬೇಕು. ಫೋಟೊ ಹೋಗದೆ ಮುಂದಿನ ಕಂತು ಇಲ್ಲ. ಸಾಲ ತಂದವರಿಗೆ ಬಡ್ಡಿ ಓಡುತ್ತಿರುತ್ತದೆ. ಬಾಡಿಗೆ ಮನೆ ಬಿಡಬೇಕಾಗಿರುತ್ತದೆ. ಅಂಥವರಿಗೆ "ಇನ್ನೂ ಹತ್ತು ದಿನ ಕಾಯಮ್ಮ" ಅಂತ ಹೇಳುವುದು ಸುಲಭ, ಕಾಯುವುದು ಕಷ್ಟ.

ಎರಡು, ನೀರು. ದಿನಕ್ಕೆ ಎರಡು ಸಲ ಸಾವಿರಾರು ಬ್ಲಾಕಿಗೆ ಚಿಮುಕಿಸುವ ನೀರನ್ನು ತರುವವರು ಯಾರು? ನಲ್ಲಿಯಲ್ಲಿ ನೀರು ಬರದ ಊರಲ್ಲಿ ಅದು ಹೆಂಗಸರ ತಲೆ ಮೇಲೆ, ಸೊಂಟದ ಮೇಲೆ ಬರುತ್ತದೆ. ಮಣ್ಣು ಅಗೆದವನಿಗೆ ಕೂಲಿ ಇದೆ, ಯಂತ್ರ ಒತ್ತಿದವನಿಗೆ ಕೂಲಿ ಇದೆ, ಮೇಸ್ತ್ರಿಗೆ ಕೂಲಿ ಇದೆ. ನೀರು ಹೊತ್ತವಳಿಗೆ ಕೂಲಿ ಬರೆದ ಅಂದಾಜುಪಟ್ಟಿಯನ್ನು ನಾವು ಹುಡುಕಬೇಕಾಗುತ್ತದೆ. ಕೂಲಿ ಇಲ್ಲದ ಕೆಲಸವನ್ನು ಯಾರು ಎಷ್ಟು ದಿನ ಮಾಡಿಯಾರು? ಮಗುವಿಗೆ ಜ್ವರ ಬಂದ ದಿನ, ಕೂಲಿಗೆ ಹೋಗಲೇಬೇಕಾದ ದಿನ ಬ್ಲಾಕಿನ ನೀರು ತಪ್ಪುತ್ತದೆ. ತಪ್ಪದೆ ಇನ್ನೇನು? ಗೋಡೆಯ ಬಲ ಅಲ್ಲಿ ಸೋರಿ ಹೋಗುತ್ತದೆ.

ಅದಕ್ಕೆ ಸಂಘಗಳಿಗೆ ನಮ್ಮ ಒತ್ತಾಯದ ಮಾತು ಇದು. ಬ್ಲಾಕಿನ ಬೆಲೆ ಲೆಕ್ಕ ಹಾಕುವಾಗ ನೀರು ಹೊರುವ ಕೂಲಿಯನ್ನೂ ಸೇರಿಸಿ. ಯಂತ್ರ ತರುವ ಮೊದಲು ನೀರಿನ ತೊಟ್ಟಿ ಕಟ್ಟಿ. ಚೆನ್ನಾಗಿ ಹೊದಿಸಿದರೆ ನೀರು ಕಡಿಮೆ ಸಾಕು, ಹಾಗಾಗಿ ಪ್ಲಾಸ್ಟಿಕ್ ಹಾಳೆಗೆ ಕೊಡುವ ದುಡ್ಡು ಹೊರುವವರ ಬೆನ್ನು ಉಳಿಸುತ್ತದೆ. ಪಾಯ ತೋಡುವ ಮೊದಲೇ ಬ್ಲಾಕ್ ಒತ್ತಲು ಶುರುಮಾಡಿದರೆ ಪಾಯದ ಕೆಲಸ ಮುಗಿಯುವ ಹೊತ್ತಿಗೆ ಮೊದಲ ರಾಶಿಗೆ 21 ದಿನ ತುಂಬಿರುತ್ತದೆ. ಪ್ರತಿ ರಾಶಿಯ ಮೇಲೆ ಒತ್ತಿದ ತಾರೀಕು ಬರೆದಿಡಿ. ತಾರೀಕು ಇಲ್ಲದ ರಾಶಿಯನ್ನು ಮೇಸ್ತ್ರಿ ಮುಟ್ಟಬಾರದು.

ನೆನೆಸಿ ನೋಡಿ, ಆಮೇಲೆ ಕಟ್ಟಿ

ಪ್ರಯೋಗಶಾಲೆ ಹತ್ತಿರ ಇದ್ದರೆ ಪ್ರತಿ ಹೊಸ ಮಣ್ಣಿಗೂ ಬ್ಲಾಕ್ ಕಳಿಸಿ ಪರೀಕ್ಷೆ ಮಾಡಿಸಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಲ್ಲಿ ಒತ್ತಿ ನೋಡುವ ಯಂತ್ರ ಇರುತ್ತದೆ. ಜೊತೆಗೆ ನಿಮ್ಮ ಅಂಗಳದಲ್ಲೇ ಈ ನಾಲ್ಕು ಪರೀಕ್ಷೆ ಮಾಡಿ. 21 ದಿನ ತುಂಬಿದ ರಾಶಿಯಿಂದ ಕಣ್ಣುಮುಚ್ಚಿ ಐದಾರು ಬ್ಲಾಕ್ ಆರಿಸಿ.

1. ಚೆನ್ನಾಗಿ ಒಣಗಿಸಿ ತೂಕ ಬರೆದುಕೊಳ್ಳಿ. ನೀರಿನಲ್ಲಿ 24 ಗಂಟೆ ಮುಳುಗಿಸಿಡಿ. ನೀರು ಕೆಂಪಗೆ ರಾಡಿಯಾದರೆ, ಅಂಚು ಕರಗಿದರೆ ಆ ರಾಶಿ ಗೋಡೆಗೆ ಬೇಡ.

2. ಹೊರತೆಗೆದು ಮೈ ಒರೆಸಿ ಮತ್ತೆ ತೂಗಿ. 7.9 ಕಿಲೋ ಬ್ಲಾಕ್ ಕುಡಿದ ನೀರು 1.2 ಕಿಲೋ ಒಳಗಿರಲಿ, ಅಂದರೆ ಶೇ. 15ರ ಒಳಗೆ. ಅದಕ್ಕಿಂತ ಹೆಚ್ಚು ಕುಡಿದರೆ ಒತ್ತಿದ್ದು ಸಾಲದು ಅಂತ ಅರ್ಥ.

3. ನೆನೆದ ಬ್ಲಾಕಿನ ಮೇಲೆ ಮೊಳೆಯಿಂದ ಗೀರಿ. ಬರೀ ಗೆರೆ ಬಿದ್ದರೆ ಸರಿ. ಬೆಣ್ಣೆಯ ಹಾಗೆ ಒಳಗೆ ಇಳಿದರೆ ಸಿಮೆಂಟ್ ಕಡಿಮೆ, ಇಲ್ಲವೇ ನೀರುಣಿಸಿದ್ದು ಕಡಿಮೆ.

4. ನೆನೆದ ಬ್ಲಾಕನ್ನು ಎರಡು ಬ್ಲಾಕಿನ ಮೇಲೆ ಸೇತುವೆ ಥರ ಇಟ್ಟು, ನಡುಮಧ್ಯೆ ಒಬ್ಬರು ಮೆಲ್ಲಗೆ ನಿಲ್ಲಿ. ಮುರಿದರೆ ಇಡೀ ರಾಶಿಯನ್ನು ಅನುಮಾನದಿಂದ ನೋಡಿ. ಮುರಿಯದಿದ್ದರೆ ಪೂರ್ತಿ ಪಾಸಾಯಿತು ಅಂತಲ್ಲ, ಮೊದಲ ಬಾಗಿಲು ದಾಟಿತು ಅಂತ.

ಈ ಫಲಿತಾಂಶವನ್ನು ಸಂಘದ ಪುಸ್ತಕದಲ್ಲಿ ಬರೆಯಿರಿ. ಉಳಿತಾಯ ಬರೆಯುವ ಕೈಗೆ ಇದೇನು ಕಷ್ಟವಲ್ಲ. ಬ್ಲಾಕ್ ಮಾರುವ ಸಂಘಗಳು ಕೊಳ್ಳುವವರ ಎದುರಿಗೇ ನೆನೆಸಿ ತೋರಿಸಿ. ಅದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ. ಕೊಳ್ಳುವ ನೀವೂ ನೆನೆಸದೆ ಕೊಳ್ಳಬೇಡಿ.

ಮೂರನೆಯ ನೀರು: ಗೋಡೆಯಾದ ಮೇಲೆ

ಎಷ್ಟೇ ಒಳ್ಳೆಯ ಬ್ಲಾಕ್ ಆದರೂ ಸದಾ ನೀರಲ್ಲಿ ನಿಲ್ಲಿಸಬಾರದು. ತಲೆಗೆ ಒಳ್ಳೆಯ ಟೋಪಿ, ಕಾಲಿಗೆ ಒಳ್ಳೆಯ ಮೆಟ್ಟು ಇದ್ದರೆ ಮಣ್ಣಿನ ಗೋಡೆ ಬಹುಕಾಲ ಬಾಳುತ್ತದೆ. ಟೋಪಿ ಅಂದರೆ ಸೂರು. ಎರಡು ಅಡಿಯಾದರೂ ಗೋಡೆಯಿಂದ ಆಚೆ ಚಾಚಿರಲಿ. ಮೆಟ್ಟು ಅಂದರೆ ಕಲ್ಲಿನ ಪಾಯ. ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಕಲ್ಲಿನಲ್ಲೇ ಬರಲಿ, ಅದರ ಮೇಲೆ ತೇವ ಏರದಂತೆ ಸಿಮೆಂಟ್ ಕಾಂಕ್ರೀಟಿನ ಪಟ್ಟಿ ಹಾಕಿ, ಆಮೇಲೆ ಬ್ಲಾಕ್. ನೆರೆ ನೀರು ಬರುವ ಜಾಗವಾದರೆ ಹಿಂದೆ ಎಲ್ಲಿವರೆಗೆ ನೀರು ಬಂದಿತ್ತು ಅಂತ ಊರ ಹಿರಿಯರನ್ನು ಕೇಳಿ, ಅದಕ್ಕಿಂತ ಮೇಲಕ್ಕೆ ಕಲ್ಲು ತನ್ನಿ.

ಬಚ್ಚಲು, ಪಾತ್ರೆ ತೊಳೆಯುವ ಜಾಗ, ಚಾವಣಿ ನೀರು ಬೀಳುವ ಕೊಳವೆಯ ಬುಡ, ಇವು ಮೂರೂ ಗೋಡೆಯ ಗುಟ್ಟಿನ ಶತ್ರುಗಳು. ಮಳೆ ನಾಲ್ಕು ತಿಂಗಳು, ಬಚ್ಚಲು ವರ್ಷವಿಡೀ. ಅಲ್ಲಿ ಒಳಗಿನಿಂದ ಗಿಲಾವು ಮಾಡಿ, ನೀರು ನಿಲ್ಲದೆ ಹರಿದುಹೋಗುವ ಹಾಗೆ ಇಳಿಜಾರು ಕೊಡಿ.

ಬ್ಲಾಕ್ ಇಡುವಾಗಲೂ ಮೇಸ್ತ್ರಿಗಳು ತೇವ ಗಮನಿಸಬೇಕು. ಗರಿಗರಿ ಒಣಗಿದ ಬ್ಲಾಕ್ ಗಾರೆಯಲ್ಲಿನ ನೀರನ್ನೆಲ್ಲ ಹೀರಿಕೊಂಡುಬಿಡುತ್ತದೆ, ಗಾರೆ ಹಿಡಿಯುವುದಿಲ್ಲ. ಪೂರ್ತಿ ನೆನೆದ ಬ್ಲಾಕೂ ಗಾರೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಒಂದು ಸಲ ನೀರಲ್ಲಿ ಅದ್ದಿ ತೆಗೆದು ಸ್ವಲ್ಪ ಆರಲು ಬಿಟ್ಟು ಇಟ್ಟರೆ ಬೆಸುಗೆ ಚೆನ್ನಾಗಿರುತ್ತದೆ. ಗಾರೆಗೂ ಬರೀ ಸಿಮೆಂಟ್-ಮರಳಿಗಿಂತ ಸ್ವಲ್ಪ ಮಣ್ಣೋ ಸುಣ್ಣವೋ ಸೇರಿದ ಗಾರೆ ಈ ಬ್ಲಾಕಿಗೆ ಒಳ್ಳೆಯದು.

ನೆರೆ ಬಂದು ಇಳಿದ ಮೇಲೆ ಒಂದು ಎಚ್ಚರಿಕೆ. ನೀರು ಇಳಿದ ಕೂಡಲೇ ಅಪಾಯ ಕಳೆಯಿತು ಅಂತ ಒಳಗೆ ಓಡಬೇಡಿ. ಗೋಡೆ ಆಗಲೇ ಅತ್ಯಂತ ಭಾರ, ಅತ್ಯಂತ ದುರ್ಬಲ. ಚಾವಣಿಗೆ ಆಧಾರ ಕೊಟ್ಟು, ಬಾಗಿಲು ಕಿಟಕಿ ತೆರೆದಿಟ್ಟು, ಗಾಳಿಗೆ ನಿಧಾನಕ್ಕೆ ಒಣಗಲು ಬಿಡಿ. ಸರಿಯಾಗಿ ಮಾಡಿದ ಸಿಮೆಂಟ್ ಬ್ಲಾಕ್ ಒಣಗಿದ ಮೇಲೆ ಬಹುಮಟ್ಟಿಗೆ ಮತ್ತೆ ಬಲ ಪಡೆಯುತ್ತದೆ. ಬರೀ ಮಣ್ಣಿನ ಗೋಡೆ ಬಿರುಕು ಬಿಟ್ಟಿದ್ದರೆ, ಹೊಟ್ಟೆ ಬಿಟ್ಟಿದ್ದರೆ ತಿಳಿದವರು ನೋಡುವವರೆಗೆ ಅದರ ಪಕ್ಕ ಮಲಗಬೇಡಿ.

ಕೊನೆಯದಾಗಿ

ಒಂದು ಮಣ್ಣಿನ ಮನೆ ಬಿದ್ದರೆ ಜನ "ಮಣ್ಣಿನ ಮನೆ ಅಲ್ವಾ, ಬೀಳದೆ ಏನು" ಅಂತಾರೆ. ತೂಕ ಮಾಡದೆ ಸುರಿದವರು, ಬಿಸಿಲಿಗೆ ಒಣಗಿಸಿದವರು, ಹತ್ತು ದಿನಕ್ಕೇ ಕಟ್ಟಿಸಿದ ಅವಸರ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪು ಮಣ್ಣಿನ ತಲೆಗೆ ಬರುತ್ತದೆ, ನಷ್ಟ ಬಡವರ ತಲೆಗೆ ಬರುತ್ತದೆ. ಮರುದಿನದಿಂದ ಆ ಊರಲ್ಲಿ ಯಾರೂ ಈ ಬ್ಲಾಕ್ ಮುಟ್ಟುವುದಿಲ್ಲ. ಸುಡುವ ಸೌದೆ ಉಳಿಸುವ, ಕೂಲಿಯನ್ನು ಊರಲ್ಲೇ ಉಳಿಸುವ ಒಂದು ಒಳ್ಳೆಯ ದಾರಿ ಮುಚ್ಚಿಹೋಗುತ್ತದೆ.

ಸರಿಯಾಗಿ ಮಾಡುವುದಕ್ಕೆ ಬೇಕಾದದ್ದು ಹೆಚ್ಚು ದುಡ್ಡಲ್ಲ. ಒಂದು ತಕ್ಕಡಿ, ಒಂದು ತಾರೀಕಿನ ಚೀಟಿ, ಮೂರು ವಾರದ ನೀರು, ಆ ನೀರು ಹೊತ್ತವರಿಗೆ ನ್ಯಾಯವಾದ ಕೂಲಿ. ಮನೆ ಕಟ್ಟುವಾಗ ಈ ನಾಲ್ಕು ವಿಷಯದಲ್ಲಿ ಜಿಪುಣತನ ಮಾಡಬೇಡಿ.

ಮಧ್ಯಾಹ್ನದ ಊಟ ಆದ ಮೇಲೆ ಮತ್ತೆ ಅಂಗಳದಲ್ಲಿ ಸೇರೋಣ. ನಿನ್ನೆ ನೀರಿಗೆ ಹಾಕಿದ ಎರಡು ಬ್ಲಾಕ್ ಅಲ್ಲಿ ಬಕೆಟಿನಲ್ಲಿವೆ. ಒಂದು ಬರೀ ಮಣ್ಣಿನದು, ಇನ್ನೊಂದು 21 ದಿನ ನೀರುಂಡದ್ದು. ನೀವೇ ಕೈ ಹಾಕಿ ನೋಡಿ.